ಸೂಜಿ ಬಂದ್

ಹೋದ ತಿಂಗಳು ಮಾರೇನಹಳ್ಳಿಯಲ್ಲಿ ಒಂದು ಮನೆಯ ಸೋರಿಕೆ ನೋಡಲು ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ಒದ್ದೆ ಗೋಡೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಬಾತ್‌ರೂಮು, ತಾರಸಿ, ನೀರಿನ ಟ್ಯಾಂಕು, ಎಲ್ಲಿ ಸೋರಿದರೂ ಜನ ನನ್ನನ್ನು ಕರೆಯುತ್ತಾರೆ. ಮೂವತ್ತು ವರ್ಷದಿಂದ ಆ ವಾಸನೆಯೇ ನನಗೆ ಅನ್ನ ಹಾಕಿದೆ. ಬೇರೆ ಯಾವ ಬೀದಿಯಲ್ಲಾದರೂ ಅದು ಬಂದರೆ ಎಷ್ಟು ಮೂಟೆ ಸಿಮೆಂಟ್ ಬೇಕು ಎಂದು ಯೋಚಿಸುತ್ತೇನೆ. ಆ ಬೀದಿಯಲ್ಲಿ ಮಾತ್ರ ಗೌರತ್ತೆಯ ಮನೆ ನೆನಪಾಗುತ್ತದೆ, ಆ ಮಳೆಗಾಲ ನೆನಪಾಗುತ್ತದೆ, ಬಾಯಿ ಕಹಿಯಾಗುತ್ತದೆ. ಅವರ ಮನೆ ಅಲ್ಲಿಂದ ನಾಲ್ಕು ಬಾಗಿಲು ಆಚೆ. ಹುಡುಗರನ್ನು ಕಳಿಸುತ್ತೇನೆ ಎಂದು ಮನೆಯವರಿಗೆ ಹೇಳಿ ಸ್ಕೂಟರ್ ತಿರುಗಿಸಿದೆ.

ಗೌರತ್ತೆ ನಮ್ಮ ಅಪ್ಪನ ಸ್ವಂತ ತಂಗಿ. ನನ್ನ ತಂಗಿ ಶೋಭಾಳನ್ನು ಅವರ ಮಗ ಗಿರೀಶನಿಗೆ ಕೊಟ್ಟಿದ್ದೆವು. ಅಣ್ಣನ ಮಗಳು ಇರುವಾಗ ಹೊರಗಿನಿಂದ ಹೆಣ್ಣು ಯಾಕೆ ತರಬೇಕು ಎಂದು ಅತ್ತೆಯೇ ಹಟ ಹಿಡಿದು ಮಾಡಿಸಿಕೊಂಡ ಮದುವೆ. ಒಂದೇ ರಕ್ತ, ಮಗಳ ಹಾಗೆ ನೋಡಿಕೊಳ್ಳುತ್ತಾಳೆ ಎಂದು ಅಪ್ಪ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅತ್ತೆಯ ಮನೆಯವರ ರಾಗಿ ಹೊಲ ಎಂದೋ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದಿದ್ದವು. ಗಿರೀಶ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ನಾವು ಬಾಪೂಜಿ ನಗರದಲ್ಲಿ ಎರಡು ಕೋಣೆಯ ಮನೆಯವರು. ಒಳ್ಳೇ ಕಡೆ ಸೇರಿದಳು ಎಂದು ನೆಂಟರೆಲ್ಲ ಹೇಳಿದರು. ಅತ್ತೆಯನ್ನು ನಾನು ಈಗಲೂ ಬಹುವಚನದಲ್ಲೇ ಕರೆಯುತ್ತೇನೆ. ಅದು ಬಾಯಿಯ ಅಭ್ಯಾಸ, ಮನಸ್ಸಿನದಲ್ಲ.

ನಮ್ಮ ಮನೆಯಲ್ಲಿ ಶೋಭಾ ಬೆಳೆದದ್ದು ಮುದ್ದೆ, ಅನ್ನ, ಸಾರಿನ ಮೇಲೆ. ಚಪಾತಿ ಎಂದರೆ ಯಾವಾಗಲೋ ಒಮ್ಮೆ. ಅತ್ತೆಯ ಮನೆಯಲ್ಲಿ ಮಾವನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಇಡೀ ಮನೆಯೇ ಚಪಾತಿಗೆ ತಿರುಗಿಕೊಂಡಿತ್ತು. ಬೆಳಿಗ್ಗೆ ಉಪ್ಪಿಟ್ಟು ಅಥವಾ ಶಾವಿಗೆ, ಸಂಜೆ ಬೇಕರಿಯ ಬನ್ನು, ರಾತ್ರಿ ಚಪಾತಿ. ಮಾವ ಹೋದರು, ಚಪಾತಿ ಉಳಿಯಿತು. ಮದುವೆಯಾಗಿ ಎರಡು ವರ್ಷದಲ್ಲಿ ಶೋಭಾ ಅರ್ಧವಾದಳು. ಹೊಟ್ಟೆ ಉಬ್ಬರ, ಭೇದಿ, ಬಾಯಿ ತುಂಬ ಹುಣ್ಣು, ಬಾಚಣಿಗೆ ತುಂಬ ಕೂದಲು. ಎರಡು ಸಲ ಬಸಿರಾದಳು, ಎರಡು ಸಲವೂ ನಿಲ್ಲಲಿಲ್ಲ. ಬೀದಿಯ ಡಾಕ್ಟರು ಗ್ಯಾಸ್ಟ್ರಿಕ್ ಎಂದರು. ಈ ಊರಿನಲ್ಲಿ ಹೊಟ್ಟೆಯ ಕಾಯಿಲೆಗೆಲ್ಲ ಅದೊಂದೇ ಹೆಸರು. ರಕ್ತ ಕಡಿಮೆಯಿದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಕೆಲಸ ಮಾಡಲಿಲ್ಲ. ಆಮೇಲೆ ಸೊಂಟಕ್ಕೆ ಕಬ್ಬಿಣದ ಇಂಜೆಕ್ಷನ್ ಶುರು ಮಾಡಿದರು.

ಅತ್ತೆಗೆ ಮಾತ್ರ ಕಾರಣ ಗೊತ್ತಿತ್ತು. ಹಾಲು ತುಪ್ಪ ಎಲ್ಲ ಹಾಕುತ್ತೇನೆ, ತಿಂದದ್ದು ಮೈಗೆ ಹತ್ತುವುದಿಲ್ಲ ಎಂದು ಬಂದವರ ಮುಂದೆ ಹೇಳುವರು. ಕೇಳಿದವರಿಗೆ ಉಳಿದದ್ದು ತಾನಾಗಿ ತಿಳಿಯುತ್ತಿತ್ತು. ಹೊಟ್ಟೆಕಿಚ್ಚಿನವರಿಗೆ ತಾನೇ ತಿಂದದ್ದು ಮೈಗೆ ಹತ್ತದಿರುವುದು? ಗಿರೀಶನ ತಂಗಿ ಲತಾಗೆ ಕೆಂಗೇರಿಯಲ್ಲಿ ಹೆಣ್ಣು ಮಗುವಾಗಿತ್ತು. ಆ ಮಗುವನ್ನು ನೋಡಿ ಶೋಭಾ ಒಳಗೊಳಗೇ ಉರಿಯುತ್ತಿದ್ದಾಳೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಮಗುವಿಗೆ ಸ್ವೆಟರ್ ಹೆಣೆದು ಕಳಿಸಿದವಳು ಇವಳೇ.

ಆದರೂ ಅತ್ತೆ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಸೊಸೆಯ ಮೈ ಸುಧಾರಿಸಿ ಮಡಿಲು ತುಂಬಲಿ ಎಂದು ಯುಗಾದಿಯ ದಿನ ತಿಮ್ಮಪ್ಪನಿಗೆ ಹರಕೆ ಹೊತ್ತರು. ಅತ್ತೆ ಸೊಸೆ ಇಬ್ಬರೂ ಪ್ರತಿ ಶನಿವಾರ ಒಪ್ಪತ್ತು. ನಮ್ಮಲ್ಲಿ ಒಪ್ಪತ್ತಿನ ದಿನ ಅನ್ನ ಮುಟ್ಟುವುದಿಲ್ಲ, ಅದು ಮುಸುರೆ. ಉಪ್ಪಿಟ್ಟು ತಿನ್ನಬಹುದು, ಅದು ಫಲಾಹಾರ. ದೇವರ ಮುಂದೆ ರವೆಯ ಸಜ್ಜಿಗೆ ಎಡೆಯಿಟ್ಟು, ಆ ಪ್ರಸಾದವನ್ನು ಮೊದಲು ಶೋಭಾ ತಿನ್ನಬೇಕು. ತನಗೆ ಮಂಡಿ ನೋವಿದ್ದರೂ ಅತ್ತೆ ಒಂದು ಶನಿವಾರವನ್ನೂ ತಪ್ಪಿಸಲಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು ತರಕಾರಿ ಗಾಡಿಗಳು ಮೆಟ್ರೋ ಕಂಬಗಳ ಕೆಳಗೆ ಸೇರಿಕೊಂಡವು. ನನ್ನ ಫೋನಿಗೆ ಬಿಡುವಿರಲಿಲ್ಲ. ಅಂಥ ಒಂದು ದಿನ ಶೋಭಾ ಬಟ್ಟೆ ಒಣಹಾಕುತ್ತ ತಲೆ ಸುತ್ತಿ ಬಿದ್ದಳು. ಈ ಸಲ ಅತ್ತೆಯೇ ಅವಳನ್ನು ರಾಜಾಜಿನಗರದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊಟ್ಟೆಯ ಡಾಕ್ಟರು ಉತ್ತರದ ಕಡೆಯ ಹೆಣ್ಣುಮಗಳು, ಕನ್ನಡ ಕಲಿಯುತ್ತಿದ್ದವರು. ರಕ್ತ ನೋಡಿದರು, ಬಾಯಿಯಿಂದ ಟ್ಯೂಬು ಇಳಿಸಿ ಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, ಕಾಯಿಲೆಯ ಹೆಸರು ಸೀಲಿಯಾಕ್, ಗೋಧಿ ಆಗಿಬರುವುದಿಲ್ಲ, ಜೀವನಪೂರ್ತಿ ಮುಟ್ಟಬಾರದು ಎಂದರು. ಗಿರೀಶ ಆಗ ಕೆಳಗೆ ಬಿಲ್ಲಿನ ಸಾಲಿನಲ್ಲಿ ನಿಂತಿದ್ದ. ಒಳಗಿದ್ದದ್ದು ಅತ್ತೆ, ಮತ್ತು ಸುಸ್ತಾಗಿ ಕೂತಲ್ಲೇ ತೂಕಡಿಸುತ್ತಿದ್ದ ಶೋಭಾ. ಡಾಕ್ಟರು ತಮಗೆ ಬಂದ ಕನ್ನಡದಲ್ಲಿ ಬಿಡಿಸಿ ಹೇಳಿದರಂತೆ:

"ಆಟಾ ಬಂದ್, ಮೈದಾ ಬಂದ್, ಸೂಜಿ ಬಂದ್."

ಅತ್ತೆ ಅದನ್ನು ಅಕ್ಷರಶಃ ಪಾಲಿಸಿದರು. ಆಟಾ ಅಂದರೆ ಚಪಾತಿ ಹಿಟ್ಟು, ನಿಲ್ಲಿಸಿದರು. ಮೈದಾ ಅಂದರೆ ಬನ್ನು, ಬಿಸ್ಕತ್ತು, ಶಾವಿಗೆ, ನಿಲ್ಲಿಸಿದರು. ಸೂಜಿ ಅಂದರೆ ಸೂಜಿ. ಬೀದಿಯ ಕ್ಲಿನಿಕ್ಕಿಗೆ ಹೋಗಿ ದೊಡ್ಡ ಡಾಕ್ಟರು ಸೂಜಿ ಬೇಡ ಅಂದಿದ್ದಾರೆ ಎಂದು ಹೇಳಿ ಕಬ್ಬಿಣದ ಇಂಜೆಕ್ಷನ್ನೂ ನಿಲ್ಲಿಸಿದರು. ವಾರದ ಬೇರೆ ದಿನ ಅವಳಿಗೆ ಅನ್ನ, ಮುದ್ದೆ. ಶನಿವಾರದ ಉಪ್ಪಿಟ್ಟು, ಸಜ್ಜಿಗೆ ಮಾತ್ರ ನಡೆದೇ ಇದ್ದವು. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಗೋಧಿ ಗೋಧಿ, ರವೆ ರವೆ.

ಶ್ರಾವಣ ಹುಟ್ಟುವ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆಯಾಯಿತು. ಇಳಿಯಬೇಕಾದ ಕಾಯಿಲೆಯ ಅಂಕಿ ಇಳಿದಿರಲಿಲ್ಲ, ಏರಬೇಕಾದ ರಕ್ತ ಇನ್ನೂ ಕುಸಿದಿತ್ತು. ಪೇಷಂಟು ಎಲ್ಲೋ ಗೋಧಿ ತಿನ್ನುತ್ತಿದ್ದಾರೆ ಎಂದು ಡಾಕ್ಟರು ಗಿರೀಶನಿಗೆ ಫೋನಿನಲ್ಲಿ ಹೇಳಿದರು. ಅಷ್ಟು ಸಾಕಾಯಿತು. ಕದ್ದು ತಿನ್ನುತ್ತಾಳೆ ಎಂಬ ಮಾತು ಮಾರೇನಹಳ್ಳಿಯಿಂದ ಕೆಂಗೇರಿಗೆ ಹೋಗಿ, ನಮ್ಮ ಊರಿನ ನೆಂಟರನ್ನೆಲ್ಲ ಸುತ್ತಿ, ನನ್ನ ಕಿವಿಗೂ ಬಿತ್ತು. ಅತ್ತೆ ಅವಳ ಬೀರು ತೆಗೆಸಿ ಸೀರೆಗಳ ನಡುವೆ ಬಿಸ್ಕತ್ತು ಹುಡುಕಿದರಂತೆ. ನಾನು ಹೋದಾಗ ಶೋಭಾ ಅಡುಗೆಮನೆಯಲ್ಲಿ ನಿಂತು, ನಾನು ತಿಂದಿಲ್ಲ ಅಣ್ಣ, ತಿಮ್ಮಪ್ಪನಾಣೆ, ಎಂದಷ್ಟೇ ಹೇಳಿದಳು. ನಾನು ನಂಬಿದೆ. ಕೈಹಿಡಿದ ಗಂಡ ನಂಬಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ನಾನೂ ಬರುತ್ತೇನೆ ಎಂದೆ.

ಡಾಕ್ಟರು ಒಂದೊಂದೇ ತಿಂಡಿಯ ಹೆಸರು ಹೇಳಿ ಕೇಳುತ್ತ ಹೋದರು. ಕೊನೆಗೆ, ಸೂಜಿ ತಗೊಳ್ತಾ ಇದೀರಾ ಎಂದರು. ಇಲ್ಲ ಮೇಡಂ, ನೀವು ಹೇಳಿದ ದಿನದಿಂದ ಒಂದು ಇಂಜೆಕ್ಷನ್ನೂ ಕೊಡಿಸಿಲ್ಲ ಎಂದು ಅತ್ತೆ ಹೆಮ್ಮೆಯಿಂದ ಹೇಳಿದರು. ಡಾಕ್ಟರು ಅವರ ಮುಖವನ್ನೇ ನೋಡಿದರು. ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಹಿಂದಿಯಲ್ಲಿ ಇದಕ್ಕೇ ಸೂಜಿ ಅನ್ನುವುದು ಎಂದು ಮೇಜಿನ ಮೇಲಿಟ್ಟರು. ಬಟ್ಟಲಿನಲ್ಲಿ ಬೆಳ್ಳಗೆ, ತರಿತರಿಯಾಗಿ.

ಶೋಭಾ ಹೇಳಿದಳು, "ಇದಕ್ಕೆ ನಾವು ರವೆ ಅಂತೀವಿ ಮೇಡಂ. ಪ್ರತಿ ಶನಿವಾರ ತಿಂತೀನಿ."

ರವೆಯೂ ಗೋಧಿಯೇ ಅಮ್ಮಾ, ಗೋಧಿಯನ್ನು ಒಡೆದರೆ ರವೆ, ಎಂದು ಡಾಕ್ಟರು ತಲೆಯ ಮೇಲೆ ಕೈಯಿಟ್ಟುಕೊಂಡರು. ಬೈಯಲಿಲ್ಲ. ತಪ್ಪು ತನ್ನ ಕನ್ನಡದ್ದೂ ಹೌದು ಎಂದರು. ಆ ಕೋಣೆಯಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ.

ಅವತ್ತು ಅವರು ಬಿಡುವು ಮಾಡಿಕೊಂಡು ಕರುಳಿನ ವಿಷಯ ಹೇಳಿದರು. ನನ್ನ ಕಸುಬು ಕೇಳಿದ ಮೇಲೆ ಹೇಳುವುದು ಅವರಿಗೂ ಸುಲಭವಾಯಿತು. ಕರುಳಿನ ಒಳಗೋಡೆಯಲ್ಲಿ ಜೀವಕಣಗಳು ಒಂದೇ ಒಂದು ಸಾಲು ಇರುತ್ತವಂತೆ, ಬಾತ್‌ರೂಮಿನ ಟೈಲ್ಸ್ ಜೋಡಿಸಿದ ಹಾಗೆ. ಮೇಲೆ ಲೋಳೆಯ ಒಂದು ಪದರ, ಕೆಳಗೆ ರೋಗಾಣುಗಳ ಮೇಲೆ ಬೀಳಲು ಕಾದಿರುವ ರಕ್ತದ ಕಾವಲು. ಟೈಲ್ಸ್ ನಡುವೆ ಸಂದು ಇದ್ದೇ ಇರುತ್ತದೆ. ನೀವು ಸಿಮೆಂಟ್ ತುಂಬುವ ಸಂದು ಸತ್ತದ್ದು, ಇದು ಜೀವ ಇರುವ ಸಂದು, ಎಂದರು. ನೀರು, ಉಪ್ಪು ಬಂದರೆ ಬೇಕಾದಷ್ಟು ಬಿಟ್ಟುಕೊಳ್ಳುತ್ತದೆ. ಕ್ರಿಮಿಗಳನ್ನೂ ಅರೆಬರೆ ಜೀರ್ಣವಾದ ದೊಡ್ಡ ತುಣುಕುಗಳನ್ನೂ ತಡೆಯುತ್ತದೆ. ಚೆನ್ನಾಗಿ ಅರಗಿದ ಅನ್ನಾಹಾರ ಸಂದಿಯಿಂದಲ್ಲ, ಟೈಲ್ಸ್‌ನ ಒಳಗಿಂದಲೇ ದಾಟಿ ರಕ್ತ ಸೇರುತ್ತದೆ. ಭೇದಿಯಾದಾಗ ಸಂದುಗಳು ಸಡಿಲವಾಗಿ ಮೈಯ ನೀರು ಕರುಳಿನೊಳಕ್ಕೆ ಬಂದು ಕೊಳೆ ತೊಳೆದುಹೋಗುವುದೂ ಉಂಟು. ಆರೋಗ್ಯವಂತರಲ್ಲಿ ಅವು ಮತ್ತೆ ಬಿಗಿಯಾಗುತ್ತವೆ. ಪೂರ್ತಿ ಮುಚ್ಚಿದ ಗೋಡೆಯಾದರೆ ಮನುಷ್ಯ ಹಸಿವಿನಿಂದ ಸಾಯುತ್ತಾನೆ, ಪೂರ್ತಿ ತೆರೆದರೆ ನಂಜಿನಿಂದ ಸಾಯುತ್ತಾನೆ.

ಶೋಭಾಳಂಥವರಲ್ಲಿ ಗೋಧಿಯ ಒಂದು ಅಂಶ ಪೂರ್ತಿ ಅರಗದೆ ಉಳಿದು ಆ ಸಂದುಗಳನ್ನು ಸಡಿಲ ಮಾಡುತ್ತದೆ. ಗೋಡೆ ದಾಟಿ ಕೆಳಗಿಳಿದಾಗ ಕಾವಲಿನವರು ಅದನ್ನು ಶತ್ರು ಎಂದು ತಿಳಿದು ಹೊಡೆಯಲು ಹೋಗಿ ಗೋಡೆಯನ್ನೇ ಕೆಡವುತ್ತಾರೆ. ಕರುಳಿನೊಳಗೆ ಆಹಾರ ಹೀರಲು ಬೆರಳುಗಳಂತೆ ಎದ್ದಿರುವ ಮಡಿಕೆಗಳು ನೆಲಸಮವಾಗುತ್ತವೆ. ಆಮೇಲೆ ಏನು ತಿಂದರೂ ಹೀರುವವರಿಲ್ಲ. ಮೊದಲು ಸಂದು ಸಡಿಲವಾಗಿ ಕಾಯಿಲೆ ಬರುತ್ತದೋ, ಕಾಯಿಲೆ ಬಂದು ಸಂದು ಸಡಿಲವಾಗುತ್ತದೋ, ಅದು ನಮಗೂ ಪೂರ್ತಿ ಗೊತ್ತಿಲ್ಲ ಎಂದೂ ಹೇಳಿದರು. ಈಗ ವಾಟ್ಸಾಪಿನಲ್ಲಿ ಸೋರುವ ಕರುಳಿಗೆ ಪುಡಿ ಮಾರುವವರಿಗೆ ಮಾತ್ರ ಎಲ್ಲವೂ ಗೊತ್ತಿದೆ.

ನನಗೆ ಅರ್ಥವಾಯಿತು. ಮೇಲಿನ ಮಹಡಿಯ ಬಾತ್‌ರೂಮು ಸೋರಿದರೆ ಕಲೆ ಕಾಣುವುದು ಕೆಳಗಿನ ಹಾಲಿನಲ್ಲಿ. ಇವರೆಲ್ಲ ಇಷ್ಟು ವರ್ಷ ಕೂದಲಿಗೆ ಎಣ್ಣೆ, ಬಾಯಿಗೆ ಮುಲಾಮು, ರಕ್ತಕ್ಕೆ ಮಾತ್ರೆ ಎಂದು ಕಲೆಗೆ ಬಣ್ಣ ಹೊಡೆದಿದ್ದರು. ಒಂದು ಸಮಾಧಾನದ ಮಾತನ್ನೂ ಡಾಕ್ಟರು ಹೇಳಿದರು. ಈ ಗೋಡೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಮೇಲಿನ ಕಣಗಳು ವಾರದೊಳಗೆ ಹೊಸದಾಗುತ್ತವೆ, ಮಡಿಕೆಗಳು ಏಳಲು ತಿಂಗಳುಗಟ್ಟಲೆ ಬೇಕು. ಅದಕ್ಕೆ ಬೇಕಾದದ್ದು ಒಂದೇ, ಗೋಧಿಯ ಒಂದು ಕಣವೂ ಒಳಗೆ ಹೋಗದಿರುವುದು. ಅಂಥ ಗೋಡೆ ನನ್ನ ಕಸುಬಿನಲ್ಲಿ ಇಲ್ಲ. ವಾರವಿಡೀ ಅವಳ ಮೈ ಕಟ್ಟಿದ್ದನ್ನು ಶನಿವಾರ ಭಕ್ತಿಯಿಂದ ಕೆಡವುತ್ತಿದ್ದರು. ಹೀಗೇ ಬಿಟ್ಟರೆ ಮಗುವಿನ ಮಾತು ಹಾಗಿರಲಿ, ಈಕೆಯೇ ಉಳಿಯುವುದು ಕಷ್ಟ ಎಂದು ಡಾಕ್ಟರು ಗಿರೀಶನ ಕಡೆ ತಿರುಗಿ ಹೇಳಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಗೊತ್ತಿಲ್ಲದೆ ಆದದ್ದು, ಗೊತ್ತಾಯಿತು, ಇನ್ನು ನಿಲ್ಲಿಸುತ್ತಾರೆ. ಉಪ್ಪಿಟ್ಟನ್ನು ಅತ್ತೆ ನಿಲ್ಲಿಸಿದರು ಕೂಡ, ಅದರ ಬದಲು ಅವಲಕ್ಕಿ ಕೊಟ್ಟರು. ಪ್ರಸಾದ ಮಾತ್ರ ಬಿಡಲಿಲ್ಲ. ಹರಕೆ ಹೊತ್ತದ್ದು ಸಜ್ಜಿಗೆಗೆ, ನಡುವೆ ಬದಲಾಯಿಸಿದರೆ ದೇವರ ಕೋಪ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಬದಲಾಯಿಸಿದರೆ, ಇಷ್ಟು ದಿನ ದೇವರ ಹೆಸರಿನಲ್ಲಿ ಸೊಸೆಗೆ ತಾನು ಕೊಟ್ಟದ್ದು ಏನು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಕದ್ದು ತಿನ್ನುತ್ತಾಳೆ ಎಂದು ಊರಿಗೆಲ್ಲ ಹೇಳಿದ್ದನ್ನು ವಾಪಸು ತೆಗೆದುಕೊಳ್ಳಬೇಕಾಗುತ್ತಿತ್ತು. ಅತ್ತೆಗೆ ಅದು ಆಗುವ ಕೆಲಸವಾಗಿರಲಿಲ್ಲ.

ಕೊನೆಯ ಶ್ರಾವಣ ಶನಿವಾರ ಅವರ ಮನೆಯಲ್ಲಿ ದೊಡ್ಡ ಪೂಜೆ. ನಾಮ ಹಾಕಿ ಗೋವಿಂದ ಗೋವಿಂದ ಎಂದು ಮನೆಮನೆ ತಿರುಗುವವರು ಪಡಿ ಬೇಡಿ ಹೋದರು, ಲತಾ ಮಗುವಿನ ಜೊತೆ ಬಂದಿದ್ದಳು, ಬಾಡಿಗೆ ಮನೆಯವರೆಲ್ಲ ಸೇರಿದ್ದರು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಮಂಗಳಾರತಿಯಾದ ಮೇಲೆ ಅತ್ತೆ ತುಪ್ಪ ಸುರಿಯುವ ಸಜ್ಜಿಗೆಯನ್ನು ಬಾಳೆಲೆಯ ಚೂರಿನಲ್ಲಿಟ್ಟು ಎಲ್ಲರೆದುರು ಶೋಭಾಳ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ. ನಾನು ಎದ್ದು, ಬೇಡ ಅತ್ತೆ, ಡಾಕ್ಟರು ಹೇಳಿದ್ದು ನೀವೇ ಕೇಳಿದ್ದೀರಿ ಎಂದೆ.

"ನಾನು ಇವಳಿಗೋಸ್ಕರ ಹೊಟ್ಟೆ ಕಟ್ಟಿದೀನಿ ಕಣೋ ಮುನಿರಾಜು. ತಿಮ್ಮಪ್ಪನ ಪ್ರಸಾದನ ವಿಷ ಅಂತೀಯಾ? ಹೇಳು, ಎಲ್ಲರ ಮುಂದೆ ಹೇಳು."

ನಾನು ಗಿರೀಶನನ್ನು ನೋಡಿದೆ. ಡಾಕ್ಟರ ಮಾತನ್ನು ನನ್ನಷ್ಟೇ ಚೆನ್ನಾಗಿ ಕೇಳಿಸಿಕೊಂಡವನು ಅವನು. ನೆಲ ನೋಡುತ್ತ ಹೆಂಡತಿಗೆ ಹೇಳಿದ, "ಒಂದು ಚೂರು ತಾನೆ. ತಿಂದ್ಬಿಡು."

ಶೋಭಾ ತಿಂದಳು. ಪೂರ್ತಿ ತಿಂದು ಎಲೆಯನ್ನು ಮಡಿಸಿದಳು. ಕತ್ತಲಾಗುವ ಮೊದಲೇ ಹೊಟ್ಟೆ ಹಿಡಿದುಕೊಂಡು ಬಚ್ಚಲಲ್ಲಿ ಕುಸಿದಿದ್ದಳು. ನಾನು ಯಾರನ್ನೂ ಕೇಳದೆ ಆಟೋ ತರಿಸಿ ಅವಳನ್ನು ಆಸ್ಪತ್ರೆಗೆ, ಅಲ್ಲಿಂದ ಬಾಪೂಜಿ ನಗರಕ್ಕೆ ಕರೆದುಕೊಂಡು ಬಂದೆ. ನಿಲ್ಲು ಎಂದು ಯಾರೂ ಹೇಳಲಿಲ್ಲ.

ನನ್ನ ಹೆಂಡತಿ ಮನೆಯ ಗೋಧಿಯನ್ನೆಲ್ಲ ಪಕ್ಕದ ಮನೆಗೆ ಕೊಟ್ಟಳು. ಅಂಗಡಿಯ ಇಂಗಿನಲ್ಲೂ ಮೈದಾ ಬೆರೆಸಿರುತ್ತಾರೆ ಎಂದು ಡಾಕ್ಟರು ಹೇಳಿದ ಮೇಲೆ ಅದನ್ನೂ ಬಿಟ್ಟೆವು. ಕಬ್ಬಿಣದ ಇಂಜೆಕ್ಷನ್ ಮತ್ತೆ ಶುರುವಾಯಿತು. ಮಹಾಲಯದ ಹೊತ್ತಿಗೆ ಭೇದಿ ನಿಂತಿತು. ದೀಪಾವಳಿಗೆ ಬಾಯಿಯ ಹುಣ್ಣು ಮಾಯಿತು. ಸಂಕ್ರಾಂತಿ ಬರುವಷ್ಟರಲ್ಲಿ ಶೋಭಾಳ ಕೆನ್ನೆ ತುಂಬಿ, ಮದುವೆಯ ರವಿಕೆ ಮತ್ತೆ ಮೈಗೆ ಕೂತಿತು. ಕನ್ನಡಿಯ ಮುಂದೆ ನಿಂತು ಅತ್ತು ನಕ್ಕಳು. ಇಷ್ಟು ಚೆನ್ನಾಗಿರುವುದನ್ನು ನೋಡಿದರೆ ಅವರಿಗೇ ತಿಳಿಯುತ್ತದೆ, ಇನ್ನು ಮನೆಗೆ ಹೋಗಬಹುದು ಎಂದಳು. ಅವಳಿಗೆ ಆ ಮನೆ ಬೇಕಿತ್ತು. ಆ ಗಂಡನೂ ಬೇಕಿತ್ತು. ಯಾಕೆ ಎಂದು ನನ್ನನ್ನು ಕೇಳಬೇಡಿ.

ನಮ್ಮ ದೊಡ್ಡಪ್ಪ ಊರಿನಿಂದ ಬಂದರು. ಹಿರಿಯರೆಲ್ಲ ಅತ್ತೆಯ ಹಾಲಿನಲ್ಲಿ ನ್ಯಾಯಕ್ಕೆ ಕೂತರು. ಶೋಭಾ ಒಳ್ಳೆಯ ಸೀರೆ ಉಟ್ಟು ಹೂ ಮುಡಿದು ಬಂದಿದ್ದಳು. ಅವಳು ಹೊಸಿಲು ದಾಟಿದ್ದನ್ನು ನೋಡಿ ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಅತ್ತೆ ಕೂತಲ್ಲಿಂದ ಏಳದೆ ಹೇಳಿದರು, "ನೋಡಿ ಎಲ್ರೂ, ಕಣ್ಣಾರೆ ನೋಡಿ. ಕಾಯಿಲೆ ಇದ್ದವಳು ಹಿಂಗಿರ್ತಾಳಾ? ನನ್ ಮನೇಲಿ ಇದ್ದಾಗ ಕಡ್ಡಿ. ಅಣ್ಣನ ಮನೆಗೆ ಹೋದ್ ಕೂಡ್ಲೇ ಗುಂಡುಗುಂಡಾಗಿದಾಳೆ. ಇವಳಿಗೆ ಆಗಿಬರದೇ ಇದ್ದದ್ದು ಗೋಧಿ ಅಲ್ಲ, ನಾವು."

ನಾನು ಆಸ್ಪತ್ರೆಯ ಕಾಗದ ತೆಗೆದೆ, ಕರುಳು, ಸಂದು, ಗೋಡೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ದೊಡ್ಡಪ್ಪ ಕೆಮ್ಮಿದರು. ಗೋಧಿ ತಿಂದು ಯಾರಾದರೂ ಸಾಯುತ್ತಾರೇನೋ, ಪಂಜಾಬಿನವರೆಲ್ಲ ಏನಾಗಬೇಕು ಎಂದು ಒಬ್ಬರು ನಕ್ಕರು. ಬಡಕಲಾಗಿದ್ದಾಗ ಅವಳು ಹೊಟ್ಟೆಕಿಚ್ಚಿನವಳು, ಮೈ ತುಂಬಿಕೊಂಡಾಗ ನಾಟಕದವಳು. ವಾಸಿಯಾಗಿದ್ದೇ ಅವಳ ವಿರುದ್ಧ ಸಾಕ್ಷಿಯಾಯಿತು. ಗಿರೀಶನನ್ನು ಕೇಳಿದರು. ಅಮ್ಮ ಹೇಳುವುದರಲ್ಲೂ ಅರ್ಥ ಇದೆ ಎಂದ. ಅವಳು ಮನೆಗೆ ಬರುವುದಾದರೆ ಎಲ್ಲರ ಹಾಗೆ ಎಲ್ಲ ತಿಂದುಕೊಂಡು ಇರಬೇಕು ಎಂದು ಅತ್ತೆ ಹೇಳಿದಾಗ ಅದಕ್ಕೂ ತಲೆಯಾಡಿಸಿದ. ಶೋಭಾ ನನ್ನ ಕಡೆ ತಿರುಗಿ, ಹೋಗೋಣ ಅಣ್ಣ ಎಂದಳು. ಮುಂದಿನದೆಲ್ಲ ಕೋರ್ಟಿನಲ್ಲಿ ಸದ್ದಿಲ್ಲದೆ ಮುಗಿಯಿತು.

ಈಗ ಶೋಭಾ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ನಮ್ಮ ಜೊತೆಯಲ್ಲೇ ಇದ್ದಾಳೆ. ಗಟ್ಟಿಯಾಗಿದ್ದಾಳೆ. ಅವಳ ಒಂಟಿತನದ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಅದು ಅವಳದ್ದು.

ಈ ಶ್ರಾವಣದಲ್ಲಿ ಒಂದು ಭಾನುವಾರ ಗೌರತ್ತೆ ನಮ್ಮ ಮನೆಗೆ ಬಂದರು. ಮಂಡಿ ಹಿಡಿದುಕೊಂಡು ಆಟೋದಿಂದ ಇಳಿದರು. ಲತಾಳ ಮಗಳು ಬೆಳೆಯುತ್ತಿರಲಿಲ್ಲವಂತೆ, ವಯಸ್ಸಿಗೆ ತಕ್ಕ ಎತ್ತರವಿಲ್ಲ, ಹೊಟ್ಟೆ ಮಾತ್ರ ಮುಂದೆ. ಅದೇ ಡಾಕ್ಟರ ಹತ್ತಿರ ಹೋದರಂತೆ, ಅದೇ ಕಾಯಿಲೆ ಎಂದರಂತೆ. ಇದು ರಕ್ತ ಸಂಬಂಧದಲ್ಲಿ ಬರುತ್ತದೆ, ನಿಮ್ಮಲ್ಲಿ ಯಾರಿಗಾದರೂ ಇದೆಯಾ ಎಂದು ಅವರು ಕೇಳಿದಾಗ ಶೋಭಾಳ ಹೆಸರು ಹೇಳಬೇಕಾಯಿತಂತೆ. ಈಗ ಮಾರೇನಹಳ್ಳಿಯ ಮನೆಯಲ್ಲೂ ಗೋಧಿ ಒಂದು ಕಾಳು ಇಲ್ಲ, ಮೊಮ್ಮಗಳು ಬಂದು ಹೋಗುವ ಮನೆಯಲ್ಲವೇ, ಡಬ್ಬಿಗಳನ್ನೆಲ್ಲ ತೊಳೆಸಿದೆ ಎಂದರು. ಪ್ರಸಾದಕ್ಕೆ ಏನು ಮಾಡುವುದು ಎಂದು ಕೇಳಲು ಬಂದಿದ್ದರು. ಅಕ್ಕಿ ತರಿಯಲ್ಲಿ ಸಜ್ಜಿಗೆ ಮಾಡಬಹುದಾ, ಎಷ್ಟು ಹುರಿಯಬೇಕು, ನೀರೆಷ್ಟು.

ಶೋಭಾ ಕಾಫಿ ಕೊಟ್ಟಳು. ಎದುರಿಗೆ ಕೂತು, ತರಿಯನ್ನು ಅಂಗಡಿಯಲ್ಲಿ ತರಬೇಡಿ, ಗೋಧಿ ಬೀಸುವ ಗಿರಣಿಯಲ್ಲೂ ಮಾಡಿಸಬೇಡಿ, ಮನೆಯಲ್ಲೇ ಮಿಕ್ಸಿಯಲ್ಲಿ ಒಡೆಯಿರಿ ಎಂದು ಹೇಳತೊಡಗಿದಳು. ನನಗೆ ತಡೆಯಲಾಗಲಿಲ್ಲ. ಹರಕೆ ಬದಲಾಯಿಸಿದರೆ ದೇವರಿಗೆ ಕೋಪ ಬರುವುದಿಲ್ಲವಾ ಅತ್ತೆ ಎಂದೆ.

"ಪೂಜಾರಪ್ಪನ್ನ ಕೇಳ್ದೆ ಕಣೋ. ಅಕ್ಕೀದೂ ಆಗುತ್ತಂತೆ, ಬೆಲ್ಲ ಬಾಳೆಹಣ್ಣು ಇಟ್ರೂ ಆಗುತ್ತಂತೆ. ಭಕ್ತಿ ಮುಖ್ಯ ಅಂದ್ರು."

"ಆ ವರ್ಷ ಯಾಕೆ ಕೇಳ್ಲಿಲ್ಲ?"

ಅತ್ತೆ ಕಾಫಿ ಲೋಟ ಕೆಳಗಿಟ್ಟರು. ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದರು. ಅವರ ಮುಖದಲ್ಲಿ ಕಪಟ ಇರಲಿಲ್ಲ, ಅದನ್ನೂ ಹೇಳಬೇಕು.

"ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ ಕಣೋ" ಎಂದರು.

ಶೋಭಾ ತುಪ್ಪ ಎಷ್ಟು ಹಾಕಬೇಕು ಎಂಬುದನ್ನು ಹೇಳಿ ಮುಗಿಸಿದಳು.